ಮೋಟಾರ್ ಸೈಕಲ್‌ನ ಇಮ್ಮೊಬಿಲೈಸರ್ ಚಿಪ್ ಹೊಂದಿರುವ ಕೀಲಿಕೈ ಕಳೆದುಹೋದಲ್ಲಿ ಅನುಸರಿಸಬೇಕಾದ ಕ್ರಮಗಳು

(ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ದ್ವಿಚಕ್ರ ವಾಹನ ಮಾಲೀಕರ ಮಾಹಿತಿಗಾಗಿ)

1. ಪೀಠಿಕೆ

ಮೈಸೂರು ಸಂಸ್ಥಾನಕ್ಕೆ ದಳವಾಯಿಗಳನ್ನು ನೀಡಿದ ಮನೆತನದ ಊರಾದ ಕಳಲೆ, ಇಂದು ನಂಜನಗೂಡು ತಾಲ್ಲೂಕಿನ ಒಂದು ಕೃಷಿ ಪ್ರಧಾನ ಗ್ರಾಮ. ಇಲ್ಲಿಂದ ಹಾಗೂ ಸುತ್ತಲಿನ ಊರುಗಳಿಂದ ನಂಜನಗೂಡಿನ ಕೈಗಾರಿಕಾ ಪ್ರದೇಶಕ್ಕೆ ಪಾಳಿಯ ಕೆಲಸಕ್ಕೆ ಹೋಗುವವರಿಗೆ, ಮಾರುಕಟ್ಟೆಗೆ ತರಕಾರಿ ಒಯ್ಯುವವರಿಗೆ, ಹಾಲಿನ ಡೇರಿಗೆ ಹಾಗೂ ಶಾಲಾ ಕಾಲೇಜುಗಳಿಗೆ ತೆರಳುವವರಿಗೆ ದ್ವಿಚಕ್ರ ವಾಹನವೇ ಮುಖ್ಯ ಆಧಾರ. ಇಂತಹ ವಾಹನದ ಕೀಲಿಕೈ ಕಳೆದುಹೋದರೆ ಒಂದು ದಿನದ ಕೂಲಿಯೂ ತಪ್ಪುತ್ತದೆ, ವಾಹನದ ಭದ್ರತೆಗೂ ಧಕ್ಕೆ ಒದಗುತ್ತದೆ.

ಹಿಂದಿನ ಸಾಮಾನ್ಯ ಕೀಲಿಕೈ ಕಳೆದುಹೋದಲ್ಲಿ ಪೇಟೆಯ ಬೀಗ ರಿಪೇರಿ ಮಾಡುವವರ ಬಳಿ ಅಲ್ಪ ವೆಚ್ಚದಲ್ಲಿ ಮತ್ತೊಂದನ್ನು ಮಾಡಿಸಿಕೊಳ್ಳಬಹುದಾಗಿತ್ತು. ಆದರೆ ಚಿಪ್ ಅಳವಡಿಸಿರುವ ಕೀಲಿಕೈಗಳ ವಿಷಯದಲ್ಲಿ ಇದು ಸಾಧ್ಯವಾಗುವುದಿಲ್ಲ. ಇಂತಹ ಸಂದರ್ಭದಲ್ಲಿ ವಾಹನ ಮಾಲೀಕರು ಏನು ಮಾಡಬೇಕು, ಏನು ಮಾಡಬಾರದು, ಯಾವ ದಾಖಲೆಗಳು ಬೇಕಾಗುತ್ತವೆ ಎಂಬ ವಿವರಗಳನ್ನು ಈ ಕೆಳಗೆ ನೀಡಲಾಗಿದೆ.

2. ಇಮ್ಮೊಬಿಲೈಸರ್ ಎಂದರೇನು?

ಸರಿಯಾದ ಕೀಲಿಕೈ ಇಲ್ಲದೆ ಎಂಜಿನ್ ಚಾಲನೆಯಾಗದಂತೆ ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆಗೆ ಇಮ್ಮೊಬಿಲೈಸರ್ ಎಂದು ಹೆಸರು. ಇದರಲ್ಲಿ ಮೂರು ಭಾಗಗಳಿರುತ್ತವೆ:

(ಅ) ಕೀಲಿಕೈಯ ಪ್ಲಾಸ್ಟಿಕ್ ಹಿಡಿಯೊಳಗೆ ಅಡಗಿರುವ ಸಣ್ಣ ಚಿಪ್. ಇದಕ್ಕೆ ಟ್ರಾನ್ಸ್‌ಪಾಂಡರ್ ಎಂದೂ ಹೆಸರಿದೆ.
(ಆ) ಇಗ್ನಿಷನ್ ಸ್ವಿಚ್‌ನ ಸುತ್ತ ಇರುವ ತಂತಿಯ ಸುರುಳಿ, ಅಂದರೆ ಆಂಟೆನಾ.
(ಇ) ಎಂಜಿನ್ ನಿಯಂತ್ರಣ ಘಟಕ, ಅಂದರೆ ಇಸಿಯು. ಕೆಲವು ಮಾದರಿಗಳಲ್ಲಿ ಇಮ್ಮೊಬಿಲೈಸರ್‌ಗೆ ಪ್ರತ್ಯೇಕ ಘಟಕವೂ ಇರುತ್ತದೆ.

ಕೀಲಿಕೈಯಲ್ಲಿರುವ ಚಿಪ್‌ಗೆ ಬ್ಯಾಟರಿ ಇರುವುದಿಲ್ಲ. ಕೀಲಿಕೈಯನ್ನು ತಿರುಗಿಸಿದಾಗ ಆಂಟೆನಾ ಸುರುಳಿಯು ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಆಸುಪಾಸಿನ ರೇಡಿಯೋ ಅಲೆಯನ್ನು ಹೊರಸೂಸುತ್ತದೆ. ಚಿಪ್ ಆ ಅಲೆಯಿಂದಲೇ ಶಕ್ತಿ ಪಡೆದು ತನ್ನ ಗುರುತಿನ ಸಂಕೇತವನ್ನು ಮರಳಿ ಕಳುಹಿಸುತ್ತದೆ. ಈ ಸಂಕೇತವು ನಿಯಂತ್ರಣ ಘಟಕದ ನೆನಪಿನಲ್ಲಿರುವ ಸಂಕೇತಕ್ಕೆ ಹೊಂದಿಕೆಯಾದಲ್ಲಿ ಮಾತ್ರ ಎಂಜಿನ್ ಚಾಲನೆಗೆ ಅನುಮತಿ ದೊರೆಯುತ್ತದೆ. ಇದೆಲ್ಲವೂ ಕ್ಷಣಮಾತ್ರದಲ್ಲಿ ಮುಗಿಯುವುದರಿಂದ ಸವಾರರ ಗಮನಕ್ಕೆ ಬರುವುದಿಲ್ಲ.

ಯೂರೋಪಿನ ಒಕ್ಕೂಟವು 1995ರ ನಿರ್ದೇಶನದ ಮೂಲಕ ಹೊಸ ಕಾರುಗಳಿಗೆ ಇಮ್ಮೊಬಿಲೈಸರ್ ಕಡ್ಡಾಯಗೊಳಿಸಿತು. ಕಾರುಗಳಲ್ಲಿ ರೂಢಿಗೆ ಬಂದ ಈ ವ್ಯವಸ್ಥೆಯನ್ನು ಮುಂದೆ ಹೆಚ್ಚು ಬೆಲೆಯ ಮೋಟಾರ್ ಸೈಕಲ್‌ಗಳಲ್ಲಿಯೂ ಅಳವಡಿಸಲಾಯಿತು. ಭಾರತದಲ್ಲಿ ಜನವರಿ 2023ರಲ್ಲಿ ಹೋಂಡಾ ಆಕ್ಟಿವಾ ಸ್ಕೂಟರ್‌ನ ಸ್ಮಾರ್ಟ್ ಕೀ ಮಾದರಿ ಬಿಡುಗಡೆಯಾದ ನಂತರ ಸಾಮಾನ್ಯ ಕುಟುಂಬಗಳ ವಾಹನಕ್ಕೂ ಇಮ್ಮೊಬಿಲೈಸರ್ ಬಂದಿದೆ.

3. ತಮ್ಮ ಕೀಲಿಕೈಯಲ್ಲಿ ಚಿಪ್ ಇದೆಯೇ ಎಂದು ಮೊದಲು ತಿಳಿದುಕೊಳ್ಳಿ

ಅನಗತ್ಯ ವೆಚ್ಚವನ್ನು ತಪ್ಪಿಸಲು ಇದು ಮೊದಲ ಹೆಜ್ಜೆ. ದಿನಬಳಕೆಯ ಹೆಚ್ಚಿನ ಮೋಟಾರ್ ಸೈಕಲ್‌ಗಳ ಕೀಲಿಕೈಯಲ್ಲಿ ಚಿಪ್ ಇರುವುದಿಲ್ಲ. ಈ ಕೆಳಕಂಡ ಅಂಶಗಳನ್ನು ಗಮನಿಸುವುದು:

• ಅನೇಕ ಸ್ಕೂಟರ್ ಹಾಗೂ ಮೋಟಾರ್ ಸೈಕಲ್‌ಗಳಲ್ಲಿ ಕೀಲಿರಂಧ್ರವನ್ನು ಮುಚ್ಚುವ ಸಣ್ಣ ಮುಚ್ಚಳ ಇರುತ್ತದೆ. ಅದನ್ನು ತೆರೆಯಲು ಕೀಲಿಕೈಯ ಹಿಡಿಯಲ್ಲಿ ಅಯಸ್ಕಾಂತದ ತುಂಡುಗಳನ್ನು ಇಟ್ಟಿರುತ್ತಾರೆ. ಇದು ಮ್ಯಾಗ್ನೆಟಿಕ್ ಶಟರ್, ಇಮ್ಮೊಬಿಲೈಸರ್ ಅಲ್ಲ. ಹಿಡಿ ದಪ್ಪವಾಗಿದೆ ಎಂಬ ಮಾತ್ರಕ್ಕೆ ಅದರಲ್ಲಿ ಚಿಪ್ ಇದೆ ಎಂದು ಭಾವಿಸಬಾರದು.
• ಏಪ್ರಿಲ್ 1, 2020ರಿಂದ ಜಾರಿಗೆ ಬಂದ ಬಿಎಸ್-6 ಮಾನದಂಡದ ವಾಹನಗಳಲ್ಲಿ ಸಾಮಾನ್ಯವಾಗಿ ಇಸಿಯು ಇರುತ್ತದೆ. ಇಸಿಯು ಇದ್ದ ಮಾತ್ರಕ್ಕೆ ಇಮ್ಮೊಬಿಲೈಸರ್ ಇದೆ ಎಂದರ್ಥವಲ್ಲ.
• ಇಮ್ಮೊಬಿಲೈಸರ್ ಇರುವ ವಾಹನಗಳಲ್ಲಿ ಸಾಮಾನ್ಯವಾಗಿ ಮೀಟರ್ ಫಲಕದ ಮೇಲೆ ಕೀಲಿಕೈಯ ಚಿತ್ರ ಅಥವಾ ಬೀಗದ ಚಿತ್ರವಿರುವ ದೀಪವಿರುತ್ತದೆ. ಸರಿಯಾದ ಕೀಲಿಕೈ ಹಾಕಿದಾಗ ಈ ದೀಪ ಕೆಲವು ಕ್ಷಣ ಬೆಳಗಿ ಆರುತ್ತದೆ. ಚಿಪ್ ಗುರುತಾಗದಿದ್ದಲ್ಲಿ ದೀಪ ಉರಿಯುತ್ತಲೇ ಇರುತ್ತದೆ ಅಥವಾ ಮಿನುಗುತ್ತದೆ.
• ವಾಹನದೊಂದಿಗೆ ನೀಡಿರುವ ಮಾಲೀಕರ ಕೈಪಿಡಿಯಲ್ಲಿ ಈ ವಿವರ ಖಚಿತವಾಗಿ ನಮೂದಾಗಿರುತ್ತದೆ.

ಚಿಪ್ ಇಲ್ಲವೆಂದು ಖಚಿತವಾದಲ್ಲಿ, ಎರಡನೆಯ ಕೀಲಿಕೈಯಿಂದ ನಕಲು ಮಾಡಿಸಿಕೊಳ್ಳುವುದು ಅಥವಾ ಲಾಕ್ ಸೆಟ್ ಬದಲಾಯಿಸುವುದು ಸಾಕಾಗುತ್ತದೆ.

4. ಕೀಲಿಕೈ ಕಳೆದುಹೋದ ತಕ್ಷಣ ಮಾಡಬೇಕಾದ ಕೆಲಸಗಳು

(1) ವಾಹನವನ್ನು ಭದ್ರಪಡಿಸುವುದು. ವಾಹನ ನಿಂತಿರುವ ಸ್ಥಳದಲ್ಲಿಯೇ ಕೀಲಿಕೈ ಬಿದ್ದಿರುವ ಸಾಧ್ಯತೆ ಇದ್ದಲ್ಲಿ, ಅದು ಬೇರೆಯವರ ಕೈಗೆ ಸಿಕ್ಕಿರಬಹುದು ಎಂದೇ ತಿಳಿದು ನಡೆಯಬೇಕು. ಪರಿಚಿತರೊಬ್ಬರನ್ನು ವಾಹನದ ಬಳಿ ನಿಲ್ಲಿಸಿ, ಚಕ್ರಕ್ಕೆ ಪ್ರತ್ಯೇಕ ಸರಪಳಿ ಹಾಕಿ ಬೀಗ ಹಾಕುವುದು ಒಳ್ಳೆಯದು.

(2) ಹುಡುಕುವುದು. ಶ್ರೀ ನಂಜುಂಡೇಶ್ವರಸ್ವಾಮಿಯ ದೊಡ್ಡ ಜಾತ್ರೆ, ಕಪಿಲಾ ನದಿಯ ಸ್ನಾನಘಟ್ಟ, ತಿ. ನರಸೀಪುರದ ತ್ರಿವೇಣಿ ಸಂಗಮದಂತಹ ಜನಸಂದಣಿಯ ಸ್ಥಳಗಳಲ್ಲಿ ಕಳೆದಿದ್ದರೆ ಅಲ್ಲಿನ ದೇವಾಲಯದ ಕಚೇರಿಯಲ್ಲಿಯೂ, ಜಾತ್ರೆಯ ಸಮಯದಲ್ಲಿ ಪೊಲೀಸರು ತೆರೆದಿರುವ ಸಹಾಯ ಕೇಂದ್ರದಲ್ಲಿಯೂ ವಿಚಾರಿಸಬಹುದು. ಕೀಲಿಕೈ ಸಿಕ್ಕಿದೆ ಎಂದು ಹೇಳುವವರಿಗೆ ವಾಹನದ ನೋಂದಣಿ ಸಂಖ್ಯೆಯನ್ನಾಗಲಿ, ವಾಹನ ನಿಂತಿರುವ ಸ್ಥಳವನ್ನಾಗಲಿ ತಿಳಿಸದೆ, ಕೀಲಿಕೈಯ ಗುರುತನ್ನು ಅವರಿಂದಲೇ ಕೇಳಿ ತಿಳಿಯಬೇಕು.

(3) ಎರಡನೆಯ ಕೀಲಿಕೈಯನ್ನು ತರಿಸಿಕೊಳ್ಳುವುದು. ವಾಹನ ಖರೀದಿಸಿದಾಗ ಎರಡು ಕೀಲಿಕೈಗಳನ್ನು ನೀಡಲಾಗಿರುತ್ತದೆ. ಅದು ಮನೆಯಲ್ಲಿದ್ದಲ್ಲಿ ವಾಹನವನ್ನು ಚಾಲನೆ ಮಾಡಿಕೊಂಡೇ ಸೇವಾ ಕೇಂದ್ರಕ್ಕೆ ಹೋಗಬಹುದು.

(4) ಕಳೆದುಹೋದದ್ದೋ ಕಳುವಾದದ್ದೋ ಎಂದು ವಿಂಗಡಿಸುವುದು. ಇವೆರಡಕ್ಕೂ ಪೊಲೀಸ್ ಕ್ರಮ ಬೇರೆ ಬೇರೆ. ವಿವರಗಳು ಮುಂದಿನ ಭಾಗದಲ್ಲಿವೆ.

5. ಪೊಲೀಸ್ ಠಾಣೆಗೆ ಮಾಹಿತಿ ನೀಡುವುದು

ಕೀಲಿಕೈ ಆಕಸ್ಮಿಕವಾಗಿ ಕಳೆದುಹೋಗುವುದು ಅಪರಾಧ ಪ್ರಕರಣವಲ್ಲ. ಆದ್ದರಿಂದ ಪ್ರಥಮ ವರ್ತಮಾನ ವರದಿ ದಾಖಲಾಗುವುದಿಲ್ಲ. ಆದರೂ ವ್ಯಾಪ್ತಿಯ ಠಾಣೆಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯುವುದು ಸೂಕ್ತ. ಕಳೆದುಹೋದ ವಸ್ತು ಹಾಗೂ ದಾಖಲೆಗಳ ಬಗ್ಗೆ ಅಂತರ್ಜಾಲದ ಮೂಲಕ ವರದಿ ಮಾಡಲು ಕರ್ನಾಟಕ ರಾಜ್ಯ ಪೊಲೀಸ್ ಇಲಾಖೆಯು ಇ-ಲಾಸ್ಟ್ ಸೌಲಭ್ಯವನ್ನು ಕಲ್ಪಿಸಿದೆ. ಅರ್ಜಿಯಲ್ಲಿ ನೋಂದಣಿ ಸಂಖ್ಯೆ, ಕಳೆದ ದಿನಾಂಕ, ಸಮಯ, ಸ್ಥಳ, ಕೀಲಿಕೈಗಳ ಸಂಖ್ಯೆ ಹಾಗೂ ಅವು ಚಿಪ್ ಹೊಂದಿವೆ ಎಂಬ ಅಂಶಗಳನ್ನು ನಮೂದಿಸಬೇಕು.

ಕೀಲಿಕೈ ಇದ್ದ ಚೀಲವನ್ನು ಯಾರಾದರೂ ಕಳವು ಮಾಡಿದ್ದರೆ ಅಥವಾ ಕಿತ್ತುಕೊಂಡು ಹೋಗಿದ್ದರೆ ಅದು ಅಪರಾಧ. ಜುಲೈ 1, 2024ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಪ್ರಕರಣ 303 ಕಳವಿಗೂ, ಪ್ರಕರಣ 304 ಕಿತ್ತುಕೊಂಡು ಹೋಗುವುದಕ್ಕೂ ಸಂಬಂಧಿಸಿವೆ. ಇಂತಹ ಸಂದರ್ಭದಲ್ಲಿ ದೂರು ನೀಡಬೇಕು. ಪ್ರಕರಣ ದಾಖಲಾದಾಗ ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕರಣ 173 ವಿಧಿಸುತ್ತದೆ.

ಚೀಲದಲ್ಲಿ ಕೀಲಿಕೈಯ ಜೊತೆಗೆ ನೋಂದಣಿ ಪ್ರಮಾಣಪತ್ರವೂ ಇದ್ದಲ್ಲಿ ಅಪಾಯ ಹೆಚ್ಚು. ಅದರಲ್ಲಿ ಮಾಲೀಕರ ವಿಳಾಸ ಇರುವುದರಿಂದ, ಕೀಲಿಕೈ ಸಿಕ್ಕವರಿಗೆ ವಾಹನ ಎಲ್ಲಿದೆ ಎಂಬುದೂ ತಿಳಿಯುತ್ತದೆ. ಆದ್ದರಿಂದ ಮೂಲ ಪ್ರಮಾಣಪತ್ರವನ್ನು ಮನೆಯಲ್ಲಿಟ್ಟು, ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪ್‌ನಲ್ಲಿರುವ ಪ್ರತಿಯನ್ನು ಬಳಸುವುದು ಲೇಸು. ಇವುಗಳಲ್ಲಿನ ದಾಖಲೆಗಳು ಮೂಲ ದಾಖಲೆಗಳಿಗೆ ಸಮಾನವೆಂದು ಕೇಂದ್ರ ಸಾರಿಗೆ ಸಚಿವಾಲಯವು 2018ರಲ್ಲಿಯೇ ರಾಜ್ಯಗಳಿಗೆ ತಿಳಿಸಿದೆ. ಪ್ರಮಾಣಪತ್ರ ಕಳೆದಿದ್ದಲ್ಲಿ ಅದರ ನಕಲಿಗಾಗಿ ನಮೂನೆ 26ರಲ್ಲಿ ನೋಂದಣಿ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬೇಕು. ವಾಹನದ ಮೇಲೆ ಸಾಲವಿದ್ದಲ್ಲಿ ಸಾಲ ನೀಡಿದ ಸಂಸ್ಥೆಯ ಒಪ್ಪಿಗೆಯೂ ಬೇಕಾಗುತ್ತದೆ.

6. ಹೊಸ ಕೀಲಿಕೈ ಪಡೆಯುವ ವಿಧಾನ

ಚಿಪ್ ಹೊಂದಿರುವ ಕೀಲಿಕೈಯನ್ನು ಆಯಾ ಕಂಪನಿಯ ಅಧಿಕೃತ ಸೇವಾ ಕೇಂದ್ರದ ಮೂಲಕ ಪಡೆಯುವುದು ಸುರಕ್ಷಿತ ಮಾರ್ಗ. ಹೆಚ್ಚು ಬೆಲೆಯ ಮೋಟಾರ್ ಸೈಕಲ್‌ಗಳ ಸೇವಾ ಕೇಂದ್ರಗಳು ಎಲ್ಲ ಊರುಗಳಲ್ಲಿಯೂ ಇರುವುದಿಲ್ಲ. ವಾಹನವನ್ನು ಸಾಗಿಸುವ ಮೊದಲು ದೂರವಾಣಿ ಮೂಲಕ ವಿಚಾರಿಸಿ, ತಮ್ಮ ಮಾದರಿಗೆ ಕೀಲಿಕೈ ನೋಂದಾಯಿಸುವ ಉಪಕರಣ ಅವರಲ್ಲಿದೆಯೇ, ಖಾಲಿ ಕೀಲಿಕೈ ದಾಸ್ತಾನಿನಲ್ಲಿದೆಯೇ ಎಂದು ತಿಳಿದುಕೊಳ್ಳಬೇಕು. ದಾಸ್ತಾನು ಇಲ್ಲದಿದ್ದಲ್ಲಿ ಕಂಪನಿಯಿಂದ ತರಿಸಬೇಕಾಗುವುದರಿಂದ ವಾಹನವನ್ನು ಮೊದಲೇ ಒಯ್ದು ನಿಲ್ಲಿಸುವುದರಿಂದ ಪ್ರಯೋಜನವಿಲ್ಲ.

ಬೇಕಾಗುವ ದಾಖಲೆಗಳು:

• ನೋಂದಣಿ ಪ್ರಮಾಣಪತ್ರ
• ಮಾಲೀಕರ ಗುರುತಿನ ಚೀಟಿ
• ಪೊಲೀಸ್ ಸ್ವೀಕೃತಿ ಅಥವಾ ಪ್ರಥಮ ವರ್ತಮಾನ ವರದಿಯ ಪ್ರತಿ (ಸೇವಾ ಕೇಂದ್ರ ಕೇಳಿದಲ್ಲಿ)
• ಕೀಲಿಕೈ ಸಂಖ್ಯೆಯಿರುವ ಸಣ್ಣ ಬಿಲ್ಲೆ ಅಥವಾ ಕಾರ್ಡ್
• ಉಳಿದಿರುವ ಎಲ್ಲ ಕೀಲಿಕೈಗಳು
• ಮಾಲೀಕರು ಸ್ವತಃ ಹೋಗಲಾಗದಿದ್ದಲ್ಲಿ ಅವರ ಸಹಿಯುಳ್ಳ ಅಧಿಕಾರ ಪತ್ರ

ಸೇವಾ ಕೇಂದ್ರದಲ್ಲಿ ಮೊದಲು ವಾಹನದ 17 ಅಕ್ಷರ ಹಾಗೂ ಅಂಕಿಗಳ ಚಾಸಿಸ್ ಸಂಖ್ಯೆಯನ್ನು ಪ್ರಮಾಣಪತ್ರದೊಂದಿಗೆ ಹೋಲಿಸಿ ನೋಡಲಾಗುತ್ತದೆ. ಈ ಪರಿಶೀಲನೆಗೆ ಬೇಸರಿಸಬಾರದು. ದಾಖಲೆ ಕೇಳದೆ ಕೀಲಿಕೈ ಮಾಡಿಕೊಡುವ ಕಡೆ ತಮ್ಮ ವಾಹನಕ್ಕೂ ಅನ್ಯರು ಅಷ್ಟೇ ಸುಲಭವಾಗಿ ಕೀಲಿಕೈ ಪಡೆಯಬಲ್ಲರು. ನಂತರ ಕೆಲಸ ಎರಡು ಹಂತಗಳಲ್ಲಿ ನಡೆಯುತ್ತದೆ: ಮೊದಲನೆಯದು, ಲೋಹದ ಭಾಗವನ್ನು ಬೀಗಕ್ಕೆ ಹೊಂದುವಂತೆ ಕತ್ತರಿಸುವುದು, ಎರಡನೆಯದು, ಹೊಸ ಚಿಪ್‌ನ ಸಂಕೇತವನ್ನು ವಾಹನದ ನಿಯಂತ್ರಣ ಘಟಕಕ್ಕೆ ನೋಂದಾಯಿಸುವುದು. ಮೊದಲನೆಯದು ಮಾತ್ರ ಆದರೆ ಕೀಲಿ ತಿರುಗುತ್ತದೆ, ಎಂಜಿನ್ ಚಾಲನೆಯಾಗುವುದಿಲ್ಲ.

(ಕ) ಒಂದು ಕೀಲಿಕೈ ಉಳಿದಿದ್ದಲ್ಲಿ

ಇದು ಸುಲಭದ ಸಂದರ್ಭ. ಉಳಿದಿರುವ ಕೀಲಿಕೈಯ ಸಹಾಯದಿಂದ ಹೊಸದನ್ನು ನೋಂದಾಯಿಸಲಾಗುತ್ತದೆ. ಹೋಂಡಾ ಮೋಟಾರ್ ಸೈಕಲ್‌ಗಳ ಇಮ್ಮೊಬಿಲೈಸರ್‌ನಂತಹ ಕೆಲವು ವ್ಯವಸ್ಥೆಗಳಲ್ಲಿ ಹೊಸ ನೋಂದಣಿ ಮಾಡಿದಾಗ, ಆ ಸಮಯದಲ್ಲಿ ಹಾಜರುಪಡಿಸದ ಕೀಲಿಕೈಗಳ ಸಂಕೇತ ನೆನಪಿನಿಂದ ಅಳಿಸಿಹೋಗುತ್ತದೆ. ಆದ್ದರಿಂದಲೇ ಮನೆಯಲ್ಲಿರುವ ಎಲ್ಲ ಕೀಲಿಕೈಗಳನ್ನೂ ಜೊತೆಗೆ ಒಯ್ಯಬೇಕು. ಕಳೆದುಹೋದ ಕೀಲಿಕೈಯಿಂದ ಮುಂದೆ ಎಂಜಿನ್ ಚಾಲನೆಯಾಗದು ಎಂಬುದು ಇದರ ಲಾಭ. ಈ ಅಳಿಸುವಿಕೆ ಆಗಿದೆಯೇ ಎಂದು ಸೇವಾ ಕೇಂದ್ರದಲ್ಲಿ ಕೇಳಿ, ಕೆಲಸದ ಚೀಟಿಯಲ್ಲಿ ಬರೆಸಿಕೊಳ್ಳಬೇಕು.

(ಖ) ಎಲ್ಲ ಕೀಲಿಕೈಗಳೂ ಕಳೆದುಹೋದಲ್ಲಿ

ಮುಂದಿನ ದಾರಿ ಆಯಾ ಕಂಪನಿಯ ವ್ಯವಸ್ಥೆಯನ್ನು ಅವಲಂಬಿಸಿದೆ. ಕೆಲವು ಮಾದರಿಗಳಲ್ಲಿ ಸೇವಾ ಕೇಂದ್ರದ ಉಪಕರಣದಿಂದ ಹಳೆಯ ಸಂಕೇತಗಳನ್ನು ಅಳಿಸಿ ಹೊಸದಾಗಿ ನೋಂದಾಯಿಸಬಹುದು. ಮತ್ತೆ ಕೆಲವು ಮಾದರಿಗಳಲ್ಲಿ ಇಸಿಯು, ಇಮ್ಮೊಬಿಲೈಸರ್ ಘಟಕ ಹಾಗೂ ಲಾಕ್ ಸೆಟ್ ಎಲ್ಲವನ್ನೂ ಬದಲಾಯಿಸಬೇಕಾಗುತ್ತದೆ. ಕೀಲಿಕೈಯ ಬೆಲೆಗೂ ಇದರ ಬೆಲೆಗೂ ಬಹಳ ಅಂತರವಿದೆ. ಎರಡನೆಯ ಕೀಲಿಕೈಯನ್ನು ಜೋಪಾನ ಮಾಡಬೇಕೆಂದು ಹೇಳುವುದು ಈ ಕಾರಣಕ್ಕಾಗಿಯೇ.

ಇಸಿಯು ಬದಲಾಯಿಸಿದರೂ ವಾಹನದ ಎಂಜಿನ್ ಸಂಖ್ಯೆ, ಚಾಸಿಸ್ ಸಂಖ್ಯೆಗಳು ಬದಲಾಗುವುದಿಲ್ಲ.

(ಗ) ಕೆಂಪು ಹಿಡಿಯ ಕೀಲಿಕೈ

ಯಮಾಹಾ ಕಂಪನಿಯ ಇಮ್ಮೊಬಿಲೈಸರ್ ಉಳ್ಳ ಮಾದರಿಗಳಲ್ಲಿ ಕಪ್ಪು ಹಿಡಿಯ ಎರಡು ಕೀಲಿಕೈಗಳ ಜೊತೆಗೆ ಕೆಂಪು ಹಿಡಿಯ ಇನ್ನೊಂದನ್ನು ನೀಡಲಾಗುತ್ತದೆ. ಇದು ದಿನನಿತ್ಯ ಓಡಿಸಲು ಅಲ್ಲ; ಹೊಸ ಕೀಲಿಕೈಗಳ ಸಂಕೇತವನ್ನು ನೋಂದಾಯಿಸಲು ಮಾತ್ರ. ಇದನ್ನು ಕಳೆದುಕೊಂಡಲ್ಲಿ ಇರುವ ಕಪ್ಪು ಕೀಲಿಕೈಗಳಿಂದ ವಾಹನ ಓಡುತ್ತದೆಯಾದರೂ ಹೊಸದನ್ನು ನೋಂದಾಯಿಸಲಾಗದೆ ಇಡೀ ವ್ಯವಸ್ಥೆಯನ್ನೇ ಬದಲಾಯಿಸಬೇಕಾಗಬಹುದು. ಇದನ್ನು ಮನೆಯ ಬೀರುವಿನಲ್ಲಿ ಒಡವೆ, ಪತ್ರಗಳ ಜೊತೆಯಲ್ಲಿಡುವುದು ಸೂಕ್ತ.

(ಘ) ಸ್ಮಾರ್ಟ್ ಕೀ

ಸ್ಮಾರ್ಟ್ ಕೀಯನ್ನು ಬೀಗಕ್ಕೆ ತೂರಿಸುವ ಅಗತ್ಯವಿಲ್ಲ. ಅದು ಸವಾರರ ಜೇಬಿನಲ್ಲಿದ್ದರೆ ಸಾಕು. ಆಕ್ಟಿವಾ ಮಾದರಿಯಲ್ಲಿ ಸುಮಾರು 2 ಮೀಟರ್ ಅಂತರದೊಳಗೆ ವಾಹನವು ಅದನ್ನು ಗುರುತಿಸುತ್ತದೆ. ಸ್ಮಾರ್ಟ್ ಕೀಗೆ ತನ್ನದೇ ಬ್ಯಾಟರಿ ಇರುತ್ತದೆ. ವಾಹನ ಚಾಲನೆಯಾಗದಿದ್ದಲ್ಲಿ ಕೀ ಕೆಟ್ಟಿದೆ ಎಂದು ತೀರ್ಮಾನಿಸುವ ಮೊದಲು ಬ್ಯಾಟರಿ ಬದಲಾಯಿಸಿ ನೋಡುವುದು. ಹೊಸ ವಾಹನದೊಂದಿಗೆ ನೀಡುವ ಗುರುತಿನ ಸಂಖ್ಯೆಯ ಬಿಲ್ಲೆಯನ್ನು ಸ್ಮಾರ್ಟ್ ಕೀಯ ಜೊತೆಯಲ್ಲಿ ಕಟ್ಟಿಕೊಂಡು ತಿರುಗದೆ ಮನೆಯಲ್ಲಿಡಬೇಕು.

7. ಯಾಂತ್ರಿಕ ಬೀಗದ ಬಗ್ಗೆ ವಿಶೇಷ ಸೂಚನೆ

ಕಳೆದುಹೋದ ಕೀಲಿಕೈಯ ಸಂಕೇತವನ್ನು ಅಳಿಸಿದರೂ ಅದರ ಲೋಹದ ಭಾಗ ಹಳೆಯ ಬೀಗಕ್ಕೆ ಹೊಂದುತ್ತಲೇ ಇರುತ್ತದೆ. ಅದನ್ನು ಹೊಂದಿರುವವರು ಹ್ಯಾಂಡಲ್ ಲಾಕ್ ತೆಗೆದು ವಾಹನವನ್ನು ತಳ್ಳಿಕೊಂಡು ಹೋಗಬಹುದು, ಸೀಟು ಹಾಗೂ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆಯಬಹುದು. ಕೀಲಿಕೈ ನದಿಯಲ್ಲಿಯೋ ಬಾವಿಯಲ್ಲಿಯೋ ಬಿದ್ದಿದ್ದರೆ ಇದರ ಚಿಂತೆ ಇಲ್ಲ. ಕಳುವಾಗಿದ್ದರೆ ಅಥವಾ ಮನೆಯ ಹತ್ತಿರದಲ್ಲಿಯೇ ಕಳೆದಿದ್ದರೆ ಲಾಕ್ ಸೆಟ್ ಅನ್ನೂ ಬದಲಾಯಿಸುವುದು ಉಚಿತ.

8. ವಾಹನವನ್ನು ಸಾಗಿಸುವಾಗ

ಹ್ಯಾಂಡಲ್ ಲಾಕ್ ಆಗಿರುವ ವಾಹನವನ್ನು ಒತ್ತಾಯದಿಂದ ತಿರುಗಿಸಿ ಬೀಗ ಮುರಿಯಬಾರದು. ಮತ್ತೊಂದು ವಾಹನಕ್ಕೆ ಹಗ್ಗ ಕಟ್ಟಿ ಎಳೆಯಬಾರದು. ಗೂಡ್ಸ್ ಆಟೋದಲ್ಲಿ ನಿಲ್ಲಿಸಿ, ಅಲುಗದಂತೆ ಕಟ್ಟಿ ಸಾಗಿಸಬೇಕು. ಕೀಲಿಕೈ ಇಲ್ಲದ ವಾಹನವನ್ನು ಸಾಗಿಸುವಾಗ ಪೊಲೀಸರು ತಡೆದು ವಿಚಾರಿಸುವುದು ಸಹಜ. ಆದಕಾರಣ ನೋಂದಣಿ ಪ್ರಮಾಣಪತ್ರದ ಪ್ರತಿ ಹಾಗೂ ಪೊಲೀಸ್ ಸ್ವೀಕೃತಿಯನ್ನು ಜೊತೆಯಲ್ಲಿ ಇಟ್ಟುಕೊಳ್ಳಬೇಕು. ವಾಹನ ಕೊಂಡೊಯ್ಯುವವರು ಮಾಲೀಕರ ಮಗನೋ ಅಳಿಯನೋ ಆಗಿದ್ದಲ್ಲಿ ಅಧಿಕಾರ ಪತ್ರವೂ ಇರಲಿ.

9. ಮಾಡಬಾರದ ಕೆಲಸಗಳು

• ಇಮ್ಮೊಬಿಲೈಸರ್ ಅನ್ನು ತಪ್ಪಿಸಿ ನೇರವಾಗಿ ಓಡುವಂತೆ ತಂತಿಗಳನ್ನು ಕತ್ತರಿಸಿ ಜೋಡಿಸುವುದು. ಇದರಿಂದ ವಾಹನದ ರಕ್ಷಣೆಯೇ ಇಲ್ಲವಾಗುತ್ತದೆ, ತಂತಿಜಾಲ ಹಾಳಾಗುತ್ತದೆ, ವಾರಂಟಿಗೂ ತೊಡಕಾಗುತ್ತದೆ.
• ಅಪರಿಚಿತರಿಗೆ ಅಂತರ್ಜಾಲದ ಮೂಲಕ ಕೀಲಿಕೈ ಸಂಖ್ಯೆ ಅಥವಾ ಅದರ ಚಿತ್ರ ಕಳುಹಿಸುವುದು. ಆ ಸಂಖ್ಯೆಯಿಂದಲೇ ಕೀಲಿಕೈಯ ಲೋಹದ ಭಾಗವನ್ನು ತಯಾರಿಸಬಹುದು.
• ಉಳಿದಿರುವ ಕೀಲಿಕೈಯನ್ನು ನಕಲು ಮಾಡಲೆಂದು ಗುರುತು ಪರಿಚಯವಿಲ್ಲದವರ ಬಳಿ ಬಿಟ್ಟುಬರುವುದು. ಸ್ಥಿರ ಸಂಕೇತದ ಹಳೆಯ ಬಗೆಯ ಚಿಪ್‌ಗಳನ್ನು ನಕಲು ಮಾಡುವ ಉಪಕರಣಗಳು ಮಾರುಕಟ್ಟೆಯಲ್ಲಿವೆ. ಹೀಗೆ ಮಾಡಿದ ಪ್ರತಿ ಎಷ್ಟು, ಯಾರ ಕೈಯಲ್ಲಿ ಎಂಬುದು ಮಾಲೀಕರಿಗೆ ತಿಳಿಯದು.

10. ವಿಮೆ ಮತ್ತು ಕೀಲಿಕೈ

ವಾಹನ ಕಳುವಾದಾಗ ವಿಮಾ ಕಂಪನಿಗಳು ಸಾಮಾನ್ಯವಾಗಿ ವಾಹನದ ಎಲ್ಲ ಮೂಲ ಕೀಲಿಕೈಗಳನ್ನೂ ಹಾಜರುಪಡಿಸುವಂತೆ ಕೇಳುತ್ತವೆ. ಒಂದು ಕೀಲಿಕೈ ಇಲ್ಲದಿದ್ದಲ್ಲಿ, ಅದನ್ನು ವಾಹನದಲ್ಲಿಯೇ ಬಿಟ್ಟು ಹೋಗಿದ್ದರೆಂಬ ಸಂಶಯಕ್ಕೆ ಎಡೆಯಾಗಿ ಪರಿಹಾರ ಕಡಿತವಾಗಬಹುದು ಅಥವಾ ನಿರಾಕರಣೆಯಾಗಬಹುದು. ಕೀಲಿಕೈ ಕಳೆದ ದಿನದಂದೇ ಪಡೆದ ಪೊಲೀಸ್ ಸ್ವೀಕೃತಿ, ಹೊಸ ಕೀಲಿಕೈಯ ರಶೀದಿ ಹಾಗೂ ವಿಮಾ ಕಂಪನಿಗೆ ಬರೆದ ಪತ್ರದ ಪ್ರತಿ, ಈ ಮೂರು ಕಾಗದಗಳು ಅಂತಹ ಸಂದರ್ಭದಲ್ಲಿ ಮಾಲೀಕರ ರಕ್ಷಣೆಗೆ ಬರುತ್ತವೆ. ಇವುಗಳನ್ನು ವಿಮಾ ಪತ್ರದ ಜೊತೆಯಲ್ಲಿ ಕಾಪಾಡಿಕೊಳ್ಳಬೇಕು.

ಮೂರನೆಯ ವ್ಯಕ್ತಿಯ ವಿಮೆ ಮಾತ್ರ ಇದ್ದಲ್ಲಿ ಕಳವಿಗೆ ಪರಿಹಾರ ದೊರೆಯುವುದಿಲ್ಲ. ಸಮಗ್ರ ವಿಮೆ ಇದ್ದರೂ ಕೀಲಿಕೈ ಬದಲಾವಣೆಯ ವೆಚ್ಚ ತಾನಾಗಿಯೇ ಸೇರಿರುವುದಿಲ್ಲ. ವಿಮಾ ಪತ್ರದಲ್ಲಿ ಪ್ರತ್ಯೇಕ ರಕ್ಷಣೆ ನಮೂದಾಗಿದೆಯೇ ನೋಡಬೇಕು.

ವಾಹನವೇ ಕಳುವಾದಲ್ಲಿ ತಡಮಾಡದೆ ದೂರು ದಾಖಲಿಸಿ ವಿಮಾ ಕಂಪನಿಗೂ ತಿಳಿಸಬೇಕು. ಪೊಲೀಸರಿಗೆ ತಕ್ಷಣ ದೂರು ನೀಡಿದ್ದಲ್ಲಿ, ವಿಮಾ ಕಂಪನಿಗೆ ತಿಳಿಸಲು ತಡವಾಯಿತೆಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ತೀರ್ಪು ನೀಡಿದೆ. ವಾಹನ ಪತ್ತೆಯಾಗದಿದ್ದಲ್ಲಿ ಪೊಲೀಸರು ಸಲ್ಲಿಸುವ 'ಸಿ' ವರದಿಯ ಪ್ರತಿಯೂ ಪರಿಹಾರಕ್ಕೆ ಬೇಕಾಗುತ್ತದೆ.

11. ವಾಹನ ಬೇರೆಯವರ ಹೆಸರಿನಲ್ಲಿದ್ದಲ್ಲಿ

ಗ್ರಾಮಾಂತರದಲ್ಲಿ ಅನೇಕ ವಾಹನಗಳು ತೀರಿಹೋದ ತಂದೆಯ ಹೆಸರಿನಲ್ಲಿ ಅಥವಾ ಹಿಂದಿನ ಮಾಲೀಕರ ಹೆಸರಿನಲ್ಲಿಯೇ ಉಳಿದಿರುತ್ತವೆ. ಈ ನ್ಯೂನತೆ ಕೀಲಿಕೈ ಕಳೆದ ದಿನ ಹೊರಬರುತ್ತದೆ. ಪ್ರಮಾಣಪತ್ರದಲ್ಲಿ ಹೆಸರಿಲ್ಲದವರಿಗೆ ಹೊಸ ಕೀಲಿಕೈ ನೀಡಲು ಸೇವಾ ಕೇಂದ್ರ ನಿರಾಕರಿಸಬಹುದು.

• ಮಾಲೀಕರು ಮೃತರಾಗಿದ್ದಲ್ಲಿ, ವಾಹನವನ್ನು ಪಡೆದ ವಾರಸುದಾರರು 30 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ಮರಣದ ವಿಷಯ ತಿಳಿಸಿ, 3 ತಿಂಗಳೊಳಗೆ ನಮೂನೆ 31ರಲ್ಲಿ ವರ್ಗಾವಣೆಗೆ ಅರ್ಜಿ ಸಲ್ಲಿಸಬೇಕು.
• ಖರೀದಿಸಿದ ವಾಹನವಾದಲ್ಲಿ, ನಮೂನೆ 29 ಮತ್ತು 30ರ ಮೂಲಕ ವರ್ಗಾವಣೆ ಮಾಡಿಸಬೇಕು. ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 50ರಂತೆ, ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ವರದಿ ಮಾಡಬೇಕು.
• ಹಳೆಯ ವಾಹನ ಕೊಳ್ಳುವಾಗ ಎರಡೂ ಕೀಲಿಕೈಗಳು, ಸಂಖ್ಯೆಯ ಬಿಲ್ಲೆ ಹಾಗೂ ಇದ್ದಲ್ಲಿ ಕೆಂಪು ಕೀಲಿಕೈಯನ್ನು ಕೇಳಿ ಪಡೆದು, ಪ್ರತಿಯೊಂದರಿಂದಲೂ ಎಂಜಿನ್ ಚಾಲನೆಯಾಗುವುದೇ ಎಂದು ಪರೀಕ್ಷಿಸಬೇಕು. ಒಂದೇ ಕೀಲಿಕೈ ಕೊಡುವ ಮಾರಾಟಗಾರರ ಬಗ್ಗೆ ಎಚ್ಚರ ವಹಿಸಬೇಕು.

12. ವೆಚ್ಚ ಮತ್ತು ಗ್ರಾಹಕರ ಹಕ್ಕು

ಕೆಲಸ ಆರಂಭಿಸುವ ಮೊದಲು ಕೀಲಿಕೈಯ ಬೆಲೆ, ನೋಂದಣಿಯ ಕೂಲಿ, ಇತರ ಬಿಡಿಭಾಗಗಳ ಬೆಲೆ ಹಾಗೂ ತೆರಿಗೆಯನ್ನು ಬಿಡಿಬಿಡಿಯಾಗಿ ತೋರಿಸುವ ಲಿಖಿತ ಅಂದಾಜನ್ನು ಕೇಳಿ ಪಡೆಯಬೇಕು. ಇಸಿಯು ಬದಲಾಯಿಸಬೇಕೆಂದು ಹೇಳಿದಲ್ಲಿ ಅದಕ್ಕೆ ಕಾರಣವನ್ನೂ ಬರೆದುಕೊಡುವಂತೆ ಕೋರಬಹುದು. ತೆಗೆದ ಹಳೆಯ ಬಿಡಿಭಾಗವನ್ನು ಮರಳಿ ಕೇಳುವುದು, ಕೆಲಸ ಮುಗಿದ ನಂತರ ಜಿಎಸ್‌ಟಿ ರಶೀದಿ ಪಡೆಯುವುದು ಅವಶ್ಯ.

ಸೇವೆಯಲ್ಲಿ ಲೋಪವಾದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅದರಿಂದ ಪರಿಹಾರ ದೊರೆಯದಿದ್ದಲ್ಲಿ, ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಅಡಿಯಲ್ಲಿ ಜಿಲ್ಲಾ ಗ್ರಾಹಕ ಆಯೋಗಕ್ಕೆ 2 ವರ್ಷಗಳೊಳಗೆ ದೂರು ಸಲ್ಲಿಸಬಹುದು. ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ನೀಡಲು ಈ ಅಧಿನಿಯಮ ಅವಕಾಶ ನೀಡಿದೆ. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದ ದೂರುಗಳಿಗೆ ಶುಲ್ಕವಿಲ್ಲ.

13. ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಕೀಲಿಕೈ ಇದೆ, ಆದರೆ ಎಂಜಿನ್ ಚಾಲನೆಯಾಗುತ್ತಿಲ್ಲ. ಚಿಪ್ ಕೆಟ್ಟಿದೆಯೇ?
ಉತ್ತರ: ಮೊದಲು ಎರಡನೆಯ ಕೀಲಿಕೈಯಿಂದ ಪ್ರಯತ್ನಿಸಿ. ಒಂದೇ ಉಂಗುರದಲ್ಲಿ ಬೇರೊಂದು ವಾಹನದ ಚಿಪ್ ಕೀಲಿಕೈ ಅಥವಾ ದಪ್ಪ ಲೋಹದ ಪದಕವಿದ್ದಲ್ಲಿ ಸಂಕೇತಕ್ಕೆ ಅಡ್ಡಿಯಾಗುತ್ತದೆ, ಅವನ್ನು ಬೇರ್ಪಡಿಸಿ. ವಾಹನದ ಬ್ಯಾಟರಿ ದುರ್ಬಲವಾಗಿದ್ದರೂ ಹೀಗಾಗಬಹುದು.

ಪ್ರಶ್ನೆ: ಚಿಪ್ ಕೀಲಿಕೈ ನೀರಿನಲ್ಲಿ ಬಿದ್ದರೆ?
ಉತ್ತರ: ಒರೆಸಿ ನೆರಳಿನಲ್ಲಿ ಒಣಗಿಸಿ. ಬೆಂಕಿಗಾಗಲಿ, ಸುಡುಬಿಸಿಲಿಗಾಗಲಿ ಒಡ್ಡಬೇಡಿ. ಹಿಡಿಯನ್ನು ಬಿಚ್ಚಬೇಡಿ, ಉಜ್ಜಬೇಡಿ.

ಪ್ರಶ್ನೆ: ಹೊಸ ಕೀಲಿಕೈ ಮಾಡಿಸಿದ ನಂತರ ಹಳೆಯದು ಸಿಕ್ಕಿದರೆ?
ಉತ್ತರ: ಅದನ್ನು ಎಸೆಯಬೇಡಿ. ಸೇವಾ ಕೇಂದ್ರದಲ್ಲಿ ಮತ್ತೆ ನೋಂದಾಯಿಸಲು ಸಾಧ್ಯವೇ ಎಂದು ವಿಚಾರಿಸಿ. ಮೂಲ ಕೀಲಿಕೈಯಾದ್ದರಿಂದ ವಿಮೆಯ ದೃಷ್ಟಿಯಿಂದಲೂ ಅದು ಉಪಯುಕ್ತ.

ಪ್ರಶ್ನೆ: ಇಮ್ಮೊಬಿಲೈಸರ್ ಇದ್ದರೆ ವಾಹನ ಕಳುವಾಗುವುದಿಲ್ಲವೇ?
ಉತ್ತರ: ಎಂಜಿನ್ ಚಾಲನೆಯಾಗುವುದನ್ನು ಮಾತ್ರ ಅದು ತಡೆಯುತ್ತದೆ. ವಾಹನವನ್ನು ಎತ್ತಿ ಸಾಗಿಸುವುದನ್ನು ತಡೆಯಲಾರದು. ಹ್ಯಾಂಡಲ್ ಲಾಕ್ ಹಾಗೂ ಸರಪಳಿ ಬೀಗ ತಪ್ಪದೆ ಬಳಸಬೇಕು.

14. ಮುನ್ನೆಚ್ಚರಿಕೆಗಳು

(1) ಗದ್ದೆಯ ಬದುವಿನಲ್ಲಿ, ನಾಲೆಯ ಏರಿಯ ಮೇಲೆ, ಅಂಗಡಿಯ ಮುಂದೆ "ಒಂದು ನಿಮಿಷ" ಎಂದು ಕೀಲಿಕೈಯನ್ನು ವಾಹನದಲ್ಲಿಯೇ ಬಿಟ್ಟು ಹೋಗುವ ರೂಢಿಯನ್ನು ಬಿಡಬೇಕು. ಕೀಲಿಕೈ ವಾಹನದಲ್ಲಿಯೇ ಇದ್ದರೆ ಯಾವ ಚಿಪ್ ಕೂಡ ಕಾಪಾಡದು.
(2) ಎರಡನೆಯ ಕೀಲಿಕೈಯನ್ನು ಮೊದಲನೆಯದರ ಜೊತೆಗೆ ಒಂದೇ ಉಂಗುರದಲ್ಲಿ ಕಟ್ಟಬಾರದು. ವಾಹನದ ಡಿಕ್ಕಿಯಲ್ಲಿಯೂ ಇಡಬಾರದು.
(3) ಕೀಲಿಕೈ ಸಂಖ್ಯೆಯನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಬಿಲ್ಲೆಯನ್ನು ಪ್ರತ್ಯೇಕವಾಗಿ ಭದ್ರಪಡಿಸಬೇಕು.
(4) ಕೀಲಿಕೈಯ ಗೊಂಚಲಿನಲ್ಲಿ ವಾಹನದ ನೋಂದಣಿ ಸಂಖ್ಯೆ ಅಥವಾ ಮನೆಯ ವಿಳಾಸ ಬರೆದ ಪಟ್ಟಿ ಇರಬಾರದು. ಬೇಕಿದ್ದಲ್ಲಿ ದೂರವಾಣಿ ಸಂಖ್ಯೆ ಮಾತ್ರ ಇರಲಿ.
(5) ನದಿಸ್ನಾನಕ್ಕೆ ಇಳಿಯುವ ಮೊದಲು ಕೀಲಿಕೈಯನ್ನು ದಡದಲ್ಲಿರುವ ಮನೆಯವರಿಗೆ ಒಪ್ಪಿಸಬೇಕು.
(6) ಒಂದು ಕೀಲಿಕೈ ಕಳೆದ ಕೂಡಲೇ, ಇನ್ನೊಂದು ಇದೆಯಲ್ಲ ಎಂದು ಸುಮ್ಮನಿರದೆ ಹೊಸದನ್ನು ಮಾಡಿಸಬೇಕು. ಕೊನೆಯದೂ ಕಳೆದ ಮೇಲೆ ಮಾಡಿಸುವುದಕ್ಕಿಂತ ಇದು ಎಷ್ಟೋ ಪಾಲು ಅಗ್ಗ.

ವಾಹನ ಕಳವು ನಡೆಯುತ್ತಿರುವುದು ಕಂಡುಬಂದಲ್ಲಿ ತುರ್ತು ಸಹಾಯವಾಣಿ 112ಕ್ಕೆ ಕರೆ ಮಾಡುವುದು. ಮೇಲ್ಕಂಡ ಮಾಹಿತಿಯನ್ನು ವಾಹನ ಮಾಲೀಕರು ಸದುಪಯೋಗಪಡಿಸಿಕೊಂಡು, ಕುಟುಂಬದ ಇತರ ಸವಾರರಿಗೂ ತಿಳಿಸುವಂತೆ ಕೋರಲಾಗಿದೆ.